ಒಂದೇ ಪರದೆಯಲ್ಲಿ ಎರಡು ಹೆಸರು

ಪ್ರಜಿಲನನ್ನು ಕಡಿದದ್ದು ಬೆಳಿಗ್ಗೆ, ಶಾಲೆಯ ಬಸ್ಸು ಹೋದ ಸ್ವಲ್ಪ ಹೊತ್ತಿಗೆ. ಚೂಳಿಯಂಪಾರೆ ಕೂಡುರಸ್ತೆಯ ಬಸ್‌ಸ್ಟ್ಯಾಂಡಿನಲ್ಲಿ ಅವನು ತಲಶ್ಶೇರಿ ಬಸ್ಸಿಗೆ ಕಾಯುತ್ತಿದ್ದ. ಜೊತೆಗೆ ಷಿನೋಜ್ ಇದ್ದ, ಚಿಕ್ಕಂದಿನಿಂದ ಅವನ ಬೆನ್ನಿಗಂಟಿಕೊಂಡೇ ಬೆಳೆದ ಗೆಳೆಯ. ಬಿಳಿ ವ್ಯಾನೊಂದು ಬಂದು ನಿಂತಿತು. ಜನ ಚೆದುರಲಿ ಎಂದು ಮೊದಲು ಒಂದು ಬಾಂಬು ಎಸೆದರು. ಆಮೇಲೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡವರು ಕತ್ತಿ ಹಿಡಿದು ಇಳಿದರು. ಮೊದಲ ಏಟು ಕಾಲಿಗೆ. ಓಡಬಾರದಲ್ಲ. ಅದನ್ನು ಇಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ನಾನು ರಸ್ತೆಯಾಚೆ ವಾಚನಾಲಯದ ಮಹಡಿಯ ಮೇಲೆ ಪೇಪರುಗಳನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತಿದ್ದೆ. ಸದ್ದು ಕೇಳಿ ಮೆಟ್ಟಿಲಿಳಿದು ಹೊರಗೆ ಬರುವಷ್ಟರಲ್ಲಿ ವ್ಯಾನು ಹೋಗಿತ್ತು. ಚಹದಂಗಡಿ, ಮೊಬೈಲ್ ಅಂಗಡಿ, ಎಲ್ಲದರ ಶಟರು ಕೆಳಗೆ. ಷಿನೋಜ್ ಕಾಣಲಿಲ್ಲ. ಬಸ್‌ಸ್ಟ್ಯಾಂಡಿನ ಸಿಮೆಂಟಿನ ಮೇಲೆ ಪ್ರಜಿಲ್ ಬಿದ್ದಿದ್ದ. ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು. ಆರು ತಿಂಗಳ ಬಸುರಿ. ತನ್ನ ವೇಲನ್ನು ಅವನ ತೊಡೆಗೆ ಬಿಗಿದು ಕಟ್ಟಿ, ಎರಡೂ ಕೈಯಲ್ಲಿ ಒತ್ತಿ ಹಿಡಿದು, "ಯಾರಾದ್ರೂ ಗಾಡಿ ತನ್ನಿ, ಗಾಡಿ ತನ್ನಿ" ಅಂತ ಕೂಗುತ್ತಿದ್ದಳು. ಜೀಪು ಬರುವ ಮೊದಲೇ ಪ್ರಜಿಲ್ ಹೋಗಿಬಿಟ್ಟ. ಅವನ ಅಕ್ಕ ಷೈಮ ಮನೆಯಿಂದ ಬರಿಗಾಲಲ್ಲಿ ಓಡಿಬಂದಾಗಲೂ ಆ ಹೆಂಗಸು ಒತ್ತಿದ ಕೈ ತೆಗೆದಿರಲಿಲ್ಲ.

ಅವಳ ಹೆಸರು ನಿಷಿತ. ಹೊಳೆ ಕಡೆಯವಳು. ನಮ್ಮೂರಿನಲ್ಲಿ ಪಕ್ಷದ ಹೆಸರು ಹೇಳುವುದಿಲ್ಲ. ಗುಡ್ಡದ ಕಡೆ, ಹೊಳೆ ಕಡೆ ಅಂದರೆ ಸಾಕು. ಪ್ರಜಿಲ್, ಷೈಮ, ಷಿನೋಜ್, ನಾನು ಎಲ್ಲ ಗುಡ್ಡದ ಕಡೆಯವರು. ಆ ದಿನ ಅವಳು ಆಸ್ಪತ್ರೆಗೆ ತೋರಿಸಿಕೊಳ್ಳಲು ಹೊರಟು ಬಸ್ಸಿಗೆ ನಿಂತಿದ್ದಳು, ಅಷ್ಟೆ. ಮುಖಕ್ಕೆ ಬಟ್ಟೆ ಕಟ್ಟಿದವರಲ್ಲಿ ತನ್ನ ಗಂಡ ಜಿತೇಷನೂ ಇದ್ದ ಎಂದು ಅವಳಿಗೆ ತಿಳಿದದ್ದು ಸಂಜೆ, ಪೊಲೀಸರು ಮನೆಗೆ ಬಂದಾಗ.

ಪೊಲೀಸರ ಹಿಂದೆಯೇ ನಮ್ಮ ಕಡೆಯವರು ಹೋದರು. ಜಿತೇಷನ ಮನೆಯ ಹೆಂಚು ಒಡೆದು, ಬೈಕಿಗೆ ಬೆಂಕಿ ಹಚ್ಚಿದರು. ಅಡ್ಡ ಬಂದ ನಿಷಿತಳನ್ನು ಯಾರೋ ಒದ್ದರು. ಆ ಕೂಸು ಉಳಿಯಲಿಲ್ಲ.

ಷಿನೋಜ್ ಓಡಿದ್ದು, ನಿಷಿತ ಕೂತದ್ದು ಎರಡೂ ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಕೂಡುರಸ್ತೆಯಲ್ಲಿ ಪ್ರಜಿಲನ ಹೆಸರಿಗೆ ಹುತಾತ್ಮನ ಕಂಬ ಎದ್ದಾಗ ಅದರ ಮುಂದೆ ಮುಷ್ಟಿಯೆತ್ತಿ ಘೋಷಣೆ ಕೂಗಿದವನು ಷಿನೋಜನೇ. ಮುಂದಿನ ವರ್ಷ ಯುವಕರ ದಳಕ್ಕೆ ಅವನೇ ಸೆಕ್ರೆಟರಿಯಾದ.

ವಾಚನಾಲಯದ ಹಿಂದಿನ ಕೋಣೆಯಲ್ಲಿ ಪ್ರಜಿಲ್ ಕಟ್ಟಿದ ಕಂಪ್ಯೂಟರುಗಳಿದ್ದವು. ಒಂದು ಸಹಕಾರಿ ಬ್ಯಾಂಕು ಬಿಸಾಡಿದ ಹಳೆಯ ಯಂತ್ರಗಳನ್ನು ಆಟೋದಲ್ಲಿ ಹೇರಿಕೊಂಡು ಬಂದು, ಅವಕ್ಕೆ ಲಿನಕ್ಸ್ ಹಾಕಿ ನಿಲ್ಲಿಸಿದ್ದ. ಮೂಲೆಯಲ್ಲಿದ್ದ ಸರ್ವರ್ ಒಂದೇ ನಿಜವಾದ ಕಂಪ್ಯೂಟರು. ಮಿಕ್ಕವು ಅದಕ್ಕೆ ತಂತಿಯಿಂದ ಸೇರಿದ ಪರದೆಗಳು ಅನ್ನಬಹುದು. ಯಾವುದರ ಮುಂದೆ ಕೂತರೂ ಒಂದೇ. ಹಾಕಿದರೆ ಕಪ್ಪು ಪರದೆ, ಮೇಲಿನ ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ಹೆಸರು ಟೈಪ್ ಮಾಡಬೇಕು, ಪಾಸ್‌ವರ್ಡ್ ಟೈಪ್ ಮಾಡಬೇಕು, ಆಮೇಲೆ ಚಿತ್ರಗಳ ಪರದೆ ಬರಲು ಇನ್ನೊಂದು ಆಜ್ಞೆ ಬರೆಯಬೇಕು. ಪ್ರಜಿಲನಿಗೆ ಅದೇ ಇಷ್ಟವಾಗಿತ್ತು. ಷೈಮ ಅವನ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಎಲ್ಲ ಕಲಿತಿದ್ದಳು.

ಅವನು ಹೋದ ಮೇಲೆ ಕೋಣೆಗೆ ಬೀಗ ಬಿತ್ತು. ವರ್ಷದ ಶ್ರಾದ್ಧ ಕಳೆದ ಮೇಲೆ ಒಂದು ದಿನ ಷೈಮ ಬಂದು ಕೈ ಚಾಚಿದಳು. "ಭರತೇಟ್ಟ, ಬೀಗದ ಕೈ ಕೊಡಿ." ನಮ್ಮೂರಿನಲ್ಲಿ ಅಣ್ಣನಿಗೆ ಏಟ್ಟ, ಅಕ್ಕನಿಗೆ ಏಚ್ಚಿ.

"ಯಾಕೆ ಮಗಳೇ, ಸುಮ್ಮನೆ ಯಾಕೆ ನೋವು ಮಾಡ್ಕೋತೀಯ?"

"ಇಲಿ ತಂತಿ ಕಡಿದಿರುತ್ತೆ. ನೋವಿರೋದು ಅಲ್ಲೊಂದೇ ಕಡೆ ಅಲ್ಲ, ಬಿಡಿ."

ಇಲಿ ಕಡಿದದ್ದನ್ನು ಜೋಡಿಸಿದಳು. ಬೀಡಿ ಕಟ್ಟುವ ಹೆಂಗಸರಿಗೆ, ಮಗ್ಗದ ಹೆಂಗಸರಿಗೆ ಮಧ್ಯಾಹ್ನ ಪಾಠ ಶುರುಮಾಡಿದಳು. ಅವರಲ್ಲಿ ದೇಚುವೇಚ್ಚಿ ಹಿರಿಯಳು. ಬೀಡಿ ಕಟ್ಟಿ ಕಟ್ಟಿ ಬೆರಳು ಕಂದಿದ್ದರೂ ನಾಲಿಗೆ ಸ್ವಲ್ಪವೂ ಕಂದಿರಲಿಲ್ಲ. "ಈ ಕರಿ ಹಲಗೆ ನನ್ನ ಹೆಸರು ಕೇಳ್ತದೆ, ಹೇಳಿದ್ರೆ ತಪ್ಪು ಅಂತದೆ. ಸತ್ತ ನನ್ನ ಗಂಡನೂ ಹಿಂಗೇ ಇದ್ದ" ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ನಿಷಿತ ಬಾಗಿಲಲ್ಲಿ ಬಂದು ನಿಂತಳು. ಒಳಗಿದ್ದ ಹೆಂಗಸರೆಲ್ಲ ಕೀಬೋರ್ಡಿನಿಂದ ಕೈ ತೆಗೆದರು. ಗುಮಾಸ್ತೆ ಕೆಲಸದ ಪರೀಕ್ಷೆಗೆ ಓದುತ್ತಿದ್ದೇನೆ, ಕಂಪ್ಯೂಟರು ಗೊತ್ತಿರಬೇಕಂತೆ, ಬೇರೆಲ್ಲೂ ಸೇರಿಸಿಕೊಳ್ಳುತ್ತಿಲ್ಲ ಎಂದು ಅವಳು ನೆಲ ನೋಡಿಕೊಂಡೇ ಹೇಳಿದಳು. ಷೈಮ ಒಂದು ಕುರ್ಚಿ ಎಳೆದಳು.

"ಕೂತ್ಕೋ. ಹೆಸರು ಇಂಗ್ಲಿಷಲ್ಲಿ ಹೇಗೆ ಬರೀತೀಯ?"

ಹಾಗೆ ಸರ್ವರಿನಲ್ಲಿ ನಿಷಿತಳಿಗೂ ಒಂದು ಖಾತೆಯಾಯಿತು. ಕಪ್ಪು ಪರದೆಯಲ್ಲಿ ಯಾರ ಹೆಸರು ಯಾರಿಗೂ ಕಾಣುವುದಿಲ್ಲ. ಬಂದವರು ತಮ್ಮದನ್ನು ಬರೆದು ಒಳಗೆ ಹೋಗುತ್ತಾರೆ, ಅಳಿಸಿ ಹೊರಗೆ ಬರುತ್ತಾರೆ. ಹೆಂಗಸರು ಮನೆಯಲ್ಲಿ ಈ ವಿಷಯ ಎತ್ತಲಿಲ್ಲ. ಷೈಮಳ ತಾಯಿ ಕೌಸುವೇಚ್ಚಿಗೂ ತಿಳಿಯಲಿಲ್ಲ. ಮಗ ಯಾರ ಮಡಿಲಲ್ಲಿ ಸತ್ತ ಎಂಬುದನ್ನೇ ಆಕೆಗೆ ಯಾರೂ ಹೇಳಿರಲಿಲ್ಲ.

ವಾಚನಾಲಯಕ್ಕೆ ಹೊಸ ಹಾಲ್ ಕಟ್ಟಿಸಿದಾಗ ಕಂಪ್ಯೂಟರುಗಳನ್ನೂ ಅಲ್ಲಿಗೆ ಸಾಗಿಸಿದೆವು. ಉದ್ಘಾಟನೆಗೆ ದೊಡ್ಡವರು ಬರುತ್ತಾರೆ, ಕಪ್ಪು ಪರದೆ ತೋರಿಸಿದರೆ ಕೆಟ್ಟುಹೋಗಿದೆ ಅಂದುಕೊಳ್ಳುತ್ತಾರೆ ಎಂದು ಕಮಿಟಿಯವರು ಗೊಣಗಿದರು. ಷೈಮ ಒಪ್ಪಿದಳು. ಕಮಿಟಿಗಾಗಿ ಅಲ್ಲ, ದೇಚುವೇಚ್ಚಿಗಾಗಿ. ಪಟ್ಟಿಯಲ್ಲಿ ಮುಖ ನೋಡಿ ಒತ್ತಿದರೆ, ಪಾಸ್‌ವರ್ಡ್ ಒಂದನ್ನು ಹಾಕಿದರೆ ಮುಗಿಯಿತು ಅಂತಿದ್ದರೆ ಆ ಮುದುಕಿಗೆ ಅರ್ಧ ಕಷ್ಟ ತಪ್ಪುತ್ತದೆ.

ಲಿನಕ್ಸಿನಲ್ಲಿ ಹಾಗೆ ಲಾಗಿನ್ ಪರದೆ ತೋರಿಸುವ ತಂತ್ರಾಂಶ ನಾಲ್ಕೈದು ಬಗೆಯವು ಇವೆಯಂತೆ. ಹಳೆಯ ಯಂತ್ರಕ್ಕೆ ಭಾರವಾಗದ ಒಂದನ್ನು ಆರಿಸಿ ಹಾಕಿದಳು. ಸರ್ವರ್ ಏಳುವಾಗಲೇ ಅದೂ ಏಳುವಂತೆ ಆಜ್ಞೆ ಬರೆದಳು. ಮಿಕ್ಕ ಯಂತ್ರಗಳಿಗೂ ಅದೇ ಪರದೆ ಹೋಗುವಂತೆ ಮಾಡಿದಳು. ಮರುದಿನ ಬೆಳಿಗ್ಗೆ ಸ್ವಿಚ್ಚು ಹಾಕಿದಾಗ ಸಾಲಿಗೆ ಸಾಲು ಪರದೆಗಳು ತಿಳಿನೀಲಿಯಾದವು. ದೇಚುವೇಚ್ಚಿ ಎದೆ ಮೇಲೆ ಕೈಯಿಟ್ಟುಕೊಂಡಳು.

ಆದರೆ ಒಳಗೆ ಹೋಗಲು ಆಗುತ್ತಿರಲಿಲ್ಲ. ಪಾಸ್‌ವರ್ಡ್ ತಪ್ಪು ಹಾಕಿದರೆ ತಪ್ಪು ಅನ್ನುತ್ತಿತ್ತು. ಸರಿ ಹಾಕಿದರೆ ಒಂದು ಕ್ಷಣ ಕಪ್ಪಾಗಿ ಮತ್ತೆ ಅದೇ ನೀಲಿ ಪರದೆಗೆ ತಂದು ನಿಲ್ಲಿಸುತ್ತಿತ್ತು.

"ಕರೆದು ಒಳಗೆ ಬಿಟ್ಕೊಂಡು ಹಿಂದಿನ ಬಾಗಿಲಿಂದ ಹೊರಗೆ ಹಾಕ್ತದಲ್ಲ" ಎಂದಳು ದೇಚುವೇಚ್ಚಿ.

ಷೈಮ ಮಧ್ಯಾಹ್ನದವರೆಗೂ ಅದರ ಹಿಂದೆಯೇ ಬಿದ್ದಳು. ಕಾರಣ ಚಿಕ್ಕದು. ಹೊಸ ಪರದೆ ಕೂರಿಸುವಾಗ ಅವಳೇ ರೂಟ್ ಆಗಿ, ಅಂದರೆ ಇಡೀ ಯಂತ್ರದ ಯಜಮಾನಿಯಾಗಿ ಒಳಹೊಕ್ಕು ಎಲ್ಲರ ಖಾತೆಯನ್ನೂ ತೆರೆದು ನೋಡಿದ್ದಳಂತೆ. ಆಗ ಪ್ರತಿಯೊಬ್ಬರ ಖಾತೆಯೊಳಗಿನ ಒಂದು ಪುಟ್ಟ ಕಡತ ರೂಟಿನ ಹೆಸರಿಗೆ ಹೋಗಿಬಿಟ್ಟಿತ್ತು. ಚಿತ್ರಗಳ ಪರದೆ ತೆರೆಯಬೇಕಾದರೆ ಆ ಕಡತದಲ್ಲಿ ಬರೆಯಬೇಕು. ಅದು ತಮ್ಮದಲ್ಲವಾದ್ದರಿಂದ ಯಾರಿಗೂ ಬರೆಯಲಾಗುತ್ತಿರಲಿಲ್ಲ. ಷೈಮ ಅವರವರದನ್ನು ಅವರವರ ಹೆಸರಿಗೆ ಮಾಡಿಕೊಟ್ಟಳು. ದೇಚುವೇಚ್ಚಿಯ ಪರದೆ ತೆರೆದುಕೊಂಡಿತು. ಹೆಂಗಸರು ಚಪ್ಪಾಳೆ ತಟ್ಟಿದರು.

ಆಮೇಲೆ ಮೊಬೈಲಿನಲ್ಲಿ ಎಲ್ಲರ ಫೋಟೋ ತೆಗೆದು ಹೆಸರಿನ ಪಕ್ಕ ಕೂರಿಸಿದಳು. ಪ್ರಜಿಲನ ಖಾತೆಯನ್ನು ಅವಳು ಅಳಿಸಿರಲಿಲ್ಲ. ಅದಕ್ಕೂ ಒಂದು ಫೋಟೋ ಹಾಕಿದಳು, ಕಲ್ಲುಮ್ಮಕಾಯಿ ಎಂಬ ಚಿಪ್ಪುಮೀನು ತಿನ್ನುತ್ತಾ ಬಾಯಿ ತುಂಬ ನಗುತ್ತಿರುವ ಫೋಟೋ. ನಿಷಿತ ಗೋಡೆಗೊರಗಿ ನಿಂತಿದ್ದಳು.

"ನನ್ನದು ಬೇಡ ಷೈಮೇಚ್ಚಿ."

"ಫೋಟೋ ಬಿಡ್ತೀನಿ. ಆದ್ರೆ ಹೆಸರು ಕಾಣುತ್ತೆ. ಬೇಡ ಅಂದ್ರೆ ಪಟ್ಟಿ ಪೂರ್ತಿ ಅಡಗಿಸಬಹುದು, ಒಂದೇ ಸಾಲಿನ ಕೆಲಸ."

"ಹಾಗ್ ಮಾಡಿದ್ರೆ ದೇಚುವೇಚ್ಚಿ ಮತ್ತೆ ಹೆಸರು ಬರೀಬೇಕಾಗುತ್ತೆ."

"ನಿನ್ನೊಬ್ಬಳದನ್ನೇ ಅಡಗಿಸಬಹುದು."

ನಿಷಿತ ಪರದೆ ನೋಡಿದಳು. "ಅವತ್ತಿಂದ ಅಡಗಿಕೊಂಡೇ ಇದ್ದೀನಿ. ಬಸ್ಸಲ್ಲಿ, ರೇಷನ್ ಅಂಗಡೀಲಿ, ತವರು ಮನೇಲಿ. ಇಲ್ಲಾದ್ರೂ ಇರ್ಲಿ ಬಿಡಿ."

ನಾನು ತಡೆದೆ. "ನಿಮಗಿಬ್ಬರಿಗೂ ತಲೆ ಕೆಟ್ಟಿದೆಯಾ? ಉದ್ಘಾಟನೆಗೆ ಯಾರ್ ಯಾರು ಬರ್ತಾರೆ ಗೊತ್ತಲ್ಲ?"

"ಬರ್ಲಿ ಭರತೇಟ್ಟ," ಎಂದಳು ಷೈಮ. "ಓದೋಕೆ ಬರೋರು ಓದ್ಲಿ."

ಉದ್ಘಾಟನೆಯ ಬೆಳಿಗ್ಗೆ ಹಾಲಿನಲ್ಲಿ ಬಣ್ಣದ ಕಾಗದ ಕಟ್ಟಿದ್ದೆವು. ದೊಡ್ಡವರು ಇನ್ನೂ ಬಂದಿರಲಿಲ್ಲ. ದೇಚುವೇಚ್ಚಿ ಚಹದ ದೊಡ್ಡ ಕೆಟಲು ಹಿಡಿದು ಲೋಟಗಳಿಗೆ ಸುರಿಯುತ್ತಿದ್ದಳು. ಷಿನೋಜ್ ಏಳೆಂಟು ಹುಡುಗರ ಜೊತೆ ಬಂದ. ಕೈಯಲ್ಲಿ ಪೆನ್‌ಡ್ರೈವ್.

"ಷೈಮೇಚ್ಚಿ, ಇದರಲ್ಲಿ ಪ್ರಜಿಲನ ದೊಡ್ಡ ಫೋಟೋ ಇದೆ, ಕೆಳಗೆ ಘೋಷಣೆ ಬರೆಸಿದ್ದೀವಿ. ಕಂಪ್ಯೂಟರ್ ಹಾಕಿದ ಕೂಡ್ಲೆ ಎಲ್ಲಾ ಪರದೆಗೂ ಇದೇ ಬರ್ಬೇಕು."

"ಇಲ್ಲಿಗೆ ಎಲ್ಲಾ ಕಡೆಯವರೂ ಬರ್ತಾರೆ ಷಿನೋಜ್. ಘೋಷಣೆ ಹೊರಗಿನ ಕಂಬಕ್ಕಿರ್ಲಿ."

"ಎಲ್ಲಾ ಕಡೆ ಅಂದ್ರೆ? ಇಲ್ಲಿ ಎಷ್ಟು ಕಡೆ ಇದೆ?" ಎಂದು ನಗುತ್ತ ಅವನು ಹತ್ತಿರದ ಪರದೆಗೆ ಬಾಗಿದ. ಪಟ್ಟಿಯ ಮೇಲೆ ಬೆರಳಾಡಿಸಿಕೊಂಡು ಬಂದ. ಬೆರಳು ನಿಂತಿತು. ಪಕ್ಕದ ಪರದೆ ನೋಡಿದ, ಅದರ ಪಕ್ಕದ್ದನ್ನೂ ನೋಡಿದ. ಎಲ್ಲದರಲ್ಲೂ ನಗುವ ಪ್ರಜಿಲ್, ಅವನ ಮೇಲುಗಡೆ ಮುಖವಿಲ್ಲದ ಚೌಕದ ಪಕ್ಕ ನಿಷಿತ.

"ಇದು ಯಾವ ನಿಷಿತ?"

ಕೊನೆಯ ಮೇಜಿನ ಹತ್ತಿರ ಅವಳೇ ನಿಂತಿದ್ದಳು.

"ಕೊಂದವನ ಹೆಂಡ್ತಿ! ನಮ್ಮ ಪ್ರಜಿಲನ ತಲೆ ಮೇಲೆ ಅವಳ ಹೆಸರು!"

"ಅಕ್ಷರಮಾಲೆ ಪ್ರಕಾರ ಬರೋದು ಅದು," ಎಂದಳು ಷೈಮ. "ನ ಆದ್ಮೇಲೆ ಪ. ಒಂದನೇ ಕ್ಲಾಸಲ್ಲಿ ಹೇಳ್ಕೊಡ್ಲಿಲ್ವಾ?"

ಮಗ್ಗದ ಹೆಂಗಸೊಬ್ಬಳಿಗೆ ತಡೆಯಲಾಗದೆ ನಗು ಬಂತು. ಆ ನಗುವೇ ಸಾಕಾಯಿತು. ಷಿನೋಜ್ ಎದುರಿನ ಮಾನಿಟರಿಗೆ ಒದ್ದ. ಅದು ಮೇಜಿನಿಂದ ಉರುಳಿ ಒಡೆದುಹೋಯಿತು. ಕುರ್ಚಿಗಳ ಮೇಲೆ ಹಾರಿಕೊಂಡು ಹೋಗಿ ನಿಷಿತಳ ಕೂದಲು ಹಿಡಿದು ಅವಳ ಮುಖವನ್ನು ಕೀಬೋರ್ಡಿಗೆ ಅಪ್ಪಳಿಸಿದ. ಒಮ್ಮೆ, ಮತ್ತೊಮ್ಮೆ. ಕೀಗಳು ಹಲ್ಲುಗಳಂತೆ ಉದುರಿದವು. ಅವಳ ಹಲ್ಲೂ ಉದುರಿತು.

"ಪ್ರಜಿಲನನ್ನ ಕಡಿದ ಗಂಡನ ಕೈಯಿಂದ ಅನ್ನ ತಿಂದವಳು ನೀನು! ಇಲ್ಲಿಗೆ ಬರೋಕೆ ಎಷ್ಟು ಧೈರ್ಯ ಕಣೇ ನಿನಗೆ?"

ನಾನು ಅವನ ರಟ್ಟೆ ಹಿಡಿದೆ. ಹಿಂದಿನಿಂದ ಯಾರೋ ನನ್ನ ಪಕ್ಕೆಗೆ ಒದ್ದರು. ಉಸಿರು ನಿಂತಂತಾಗಿ ಗೋಡೆಗೆ ಕುಸಿದೆ. ಹೆಂಗಸರು ಕಿರುಚುತ್ತ ಬಾಗಿಲಿಗೆ ನುಗ್ಗಿದರು. ಷೈಮ ಅವನ ಅಂಗಿಯ ಕಾಲರ್ ಹಿಡಿದು ಎಳೆದಳು.

"ಅವಳನ್ನ ಬಿಡು! ಷಿನೋಜ್, ಬಿಡು ಅವಳನ್ನ!"

"ತಮ್ಮನ ರಕ್ತ ಮರೆತ್ಯಾ ಏಚ್ಚೀ ನೀನು?"

"ರಕ್ತನಾ? ಅವನ ರಕ್ತ ಇವಳ ಬಟ್ಟೆ ಮೇಲಿತ್ತು. ನಿನ್ನ ಅಂಗಿ ಮೇಲೆ ಒಂದು ತೊಟ್ಟೂ ಇರ್ಲಿಲ್ಲ. ಅವತ್ತು ನೀನು ಎಲ್ಲಿದ್ದೆ ಹೇಳು. ಅವನು ನಿನ್ನ ಹೆಸರು ಹಿಡಿದು ಕೂಗ್ತಿರುವಾಗ ಯಾವ ಶಟರ್ ಹಿಂದೆ ಕೂತಿದ್ದೆ? ನೀನು ಓಡಿದೆ. ಈ ಬಸುರಿ ಓಡ್ಲಿಲ್ಲ!"

ಷಿನೋಜನ ಹುಡುಗರು ಅವನ ಮುಖ ನೋಡಿದರು. ಅವನು ನಿಷಿತಳ ಕೂದಲು ಬಿಟ್ಟ. ಕಬ್ಬಿಣದ ಮಡಚುವ ಕುರ್ಚಿಯೊಂದನ್ನು ಎತ್ತಿಕೊಂಡ. ಷೈಮ ಹಿಂದೆ ಸರಿಯಲಿಲ್ಲ. ಮೊದಲ ಏಟು ಅವಳ ದವಡೆಗೆ ಬಿತ್ತು. ಆ ಸದ್ದು ನನಗೆ ಕೇಳಿಸಿತು, ಒಣ ಸೌದೆ ಮುರಿದ ಹಾಗೆ. ಬಿದ್ದವಳು ಮುಖಕ್ಕೆ ಅಡ್ಡ ಹಿಡಿದ ಕೈಯ ಮೇಲೆ ಎರಡನೆಯದು. ಮೂರನೆಯದಕ್ಕೆ ಕುರ್ಚಿ ಎತ್ತಿದಾಗ ದೇಚುವೇಚ್ಚಿ ಕೆಟಲಿನ ಮುಚ್ಚಳ ತೆಗೆದು, ಕುದಿವ ಚಹವನ್ನು ಅವನ ಬೆನ್ನಿಗೆ ಹೊಯ್ದಳು.

"ಹೆಣ್ಣಿನ ಮೇಲೆ ಕೈ ಮಾಡೋ ನಾಯಿ! ಅವತ್ತು ನನ್ನ ಕಣ್ಣೆದುರಿಗೇ ಬಾಳೆಮಂಡಿ ಹಿಂದೆ ಉಚ್ಚೆ ಹುಯ್ಕೊಂಡು ಕೂತಿದ್ಯಲ್ಲೋ!"

ಅವನು ಕೂಗಿಕೊಂಡು ಕುರ್ಚಿ ಬಿಟ್ಟ. ಹುಡುಗರು ಸಿಕ್ಕಿದ್ದನ್ನೆಲ್ಲ ಒಡೆಯುತ್ತ ಅವನನ್ನು ಹೊರಗೆ ಎಳೆದುಕೊಂಡು ಹೋದರು. ಸರ್ವರಿನ ಪೆಟ್ಟಿಗೆಯನ್ನು ಹೊರಗೆ ಎಸೆದು ಕಲ್ಲು ಎತ್ತಿ ಹಾಕಿದರು. ಉದ್ಘಾಟನೆಗೆ ಬಂದ ಕಾರು ಕೂಡುರಸ್ತೆಯಲ್ಲೇ ತಿರುಗಿಕೊಂಡು ಹೋಯಿತು.

ಅಷ್ಟಕ್ಕೆ ಮುಗಿಯಲಿಲ್ಲ. ಸುದ್ದಿ ಹೊಳೆಯಾಚೆಗೆ ಕಾಲಿಗೆ ಚಕ್ರ ಕಟ್ಟಿಕೊಂಡು ಹೋಗಿತ್ತು. ನಿಷಿತ ಬಾಯಲ್ಲಿ ರಕ್ತ ಸುರಿಸಿಕೊಂಡು ಮನೆ ತಲುಪಿದಾಗ ಅವಳ ಮೈದುನ ರಾಗೇಷ್ ಅಂಗಳದಲ್ಲೇ ನಿಂತಿದ್ದ. ಜಿತೇಷ್ ಜೈಲಿನಲ್ಲಿದ್ದುದರಿಂದ ಮನೆಗೆ ಅವನೇ ಯಜಮಾನ.

"ಗುಡ್ಡದವರ ಹತ್ರ ಕಲಿಯೋಕೆ ಹೋಗ್ತಿದ್ಯಾ? ಅಣ್ಣ ಒಳಗೆ ಕೊಳೀತಿರುವಾಗ ಅವನನ್ನ ಒಳಗೆ ಹಾಕಿಸಿದವರ ಮಡಿಲಲ್ಲಿ ಕೂರ್ತೀಯಾ?"

ಬೆಲ್ಟು ಬಿಚ್ಚಿ ಹೊಡೆದ. ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. ಕೈ ಸೋತ ಮೇಲೆ ಬೆಲ್ಟು ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮನೆ ಹೆಣ್ಣಿನ ಮೈ ಮುಟ್ಟಿದವನನ್ನು ಬಿಡುವುದಿಲ್ಲ ಎಂದು ಹೇಳಿ, ಇಬ್ಬರನ್ನು ಕರೆದುಕೊಂಡು ಹೊರಟ. ಮಂಚದಡಿಯಿಂದ ಅವನು ಕತ್ತಿ ತೆಗೆದದ್ದನ್ನು ನಿಷಿತ ನೆಲದ ಮೇಲೆ ಬಿದ್ದುಕೊಂಡೇ ನೋಡಿದಳು.

ಬೆನ್ನಿಗೆ ಮುಲಾಮು ಹಚ್ಚಿಸಿಕೊಂಡು ಷಿನೋಜ್ ಅದೇ ಮಧ್ಯಾಹ್ನ ಬೈಕಿನ ಹಿಂದೆ ಕೂತು ಕಲ್ಲುಕೋರೆ ದಾರಿಯಾಗಿ ಮನೆಗೆ ಹೊರಟಿದ್ದ. ಗೇರುತೋಪಿನ ತಿರುವಿನಲ್ಲಿ ರಾಗೇಷನವರು ಬೈಕಿಗೆ ಅಡ್ಡ ಹಗ್ಗ ಎಳೆದರು. ಬೈಕು ಓಡಿಸುತ್ತಿದ್ದವನು ಎದ್ದು ಓಡಿದ. ಷಿನೋಜನಿಗೆ ಏಳಲಾಗಲಿಲ್ಲ. ಕೆಂಪು ಮಣ್ಣಿನ ಮೇಲೆ ಗೇರುಹಣ್ಣು ಕೊಳೆತು ನಾರುತ್ತಿದ್ದ ಜಾಗದಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ಕಡಿದು ನೇತುಬೀಳಿಸಿದರು. ಕೂಗು ಕೇಳಿ ಕೋರೆಯ ಕೆಲಸಗಾರರು ಸಲಾಕೆ ಹಿಡಿದು ಓಡಿಬಂದದ್ದರಿಂದ ಜೀವ ಉಳಿಯಿತು. ಹಿಂದಿರುಗುವ ದಾರಿಯಲ್ಲಿ ರಾಗೇಷನವರು ವಾಚನಾಲಯದ ಹೊಸ ಹಾಲಿಗೆ ಎರಡು ಬಾಂಬು ಎಸೆದು ಹೋದರು. ಒಳಗೆ ಯಾರೂ ಇರಲಿಲ್ಲ. ಪೇಪರಿನ ಸ್ಟ್ಯಾಂಡುಗಳು, ಬಣ್ಣದ ಕಾಗದ, ಮಾಡು ಎಲ್ಲ ಸುಟ್ಟುಹೋಯಿತು.

ಮರುದಿನ ಹರತಾಳ. ಎರಡೂ ಕಡೆಯವರು ಒಟ್ಟಿಗೇ ಕರೆಕೊಟ್ಟದ್ದು ಅದೊಂದೇ ಸಲ. ಗುಡ್ಡದವರು ಷಿನೋಜನ ಕಾಲಿಗಾಗಿ ಮೆರವಣಿಗೆ ಮಾಡಿದರು, ಹೊಳೆಯವರು ನಿಷಿತಳ ಮಾನಕ್ಕಾಗಿ. ಷೈಮಳ ದವಡೆಗಾಗಿ ಯಾರೂ ಹೊರಡಲಿಲ್ಲ.

ತಲಶ್ಶೇರಿಯ ಆಸ್ಪತ್ರೆಯಲ್ಲಿ ಮೂವರೂ ಇದ್ದರು. ಷಿನೋಜನಿಗೆ ಪೊಲೀಸ್ ಕಾವಲಿನ ಕೋಣೆ. ಎಡಗಾಲು ತೆಗೆದುಬಿಟ್ಟಿದ್ದರು. ಷೈಮ ಮತ್ತು ನಿಷಿತ ಹೆಂಗಸರ ವಾರ್ಡಿನಲ್ಲಿ ಒಂದೇ ಸಾಲಿನ ಹಾಸಿಗೆಗಳಲ್ಲಿ. ಷೈಮಳ ದವಡೆಗೆ ತಂತಿ ಕಟ್ಟಿದ್ದರು, ಮಾತಾಡುವಂತಿಲ್ಲ. ಬಲಗೈ ಪ್ಲಾಸ್ಟರಿನಲ್ಲಿ. ನನ್ನ ಪಕ್ಕೆಲುಬಿಗೆ ಪಟ್ಟಿ ಸುತ್ತಿದ್ದರು. ನಾನು ಅವಳ ಹಾಸಿಗೆಯ ಪಕ್ಕ ಕೂತಿದ್ದಾಗ ಕೌಸುವೇಚ್ಚಿ ಬಂದಳು.

ಆಕೆ ಮಗಳ ಊದಿದ ಮುಖ ನೋಡಿ ಅಳಲಿಲ್ಲ. "ಊರೆಲ್ಲ ಹೇಳ್ತಿದ್ದಾರೆ. ನನ್ನ ಮಗನ ಹೆಸರಿನ ಪಕ್ಕ ಆ ಮನೆಯವಳ ಹೆಸರು ಬರೆದ್ಯಂತೆ. ಹೌದಾ?"

ಷೈಮ ತಲೆಯಾಡಿಸಿದಳು. ಕೌಸುವೇಚ್ಚಿ ಕೈ ಎತ್ತಿದಳು. ಹೊಡೆದೇಬಿಡುತ್ತಾಳೆ ಅಂದುಕೊಂಡೆ. ಹೊಡೆಯಲು ಆ ಮುಖದಲ್ಲಿ ಜಾಗವಿರಲಿಲ್ಲ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಆಕೆ ನನ್ನ ಕಡೆ ತಿರುಗಿದಳು.

"ಇನ್ನೊಂದು ಮಾತೂ ಕೇಳ್ದೆ ಭರತ. ದೇಚು ಹೇಳಿದ್ಲು. ನನ್ನ ಮಗ ಹೋಗುವಾಗ ಒಬ್ಬನೇ ಇರ್ಲಿಲ್ಲವಂತೆ. ನಿಜವಾ?"

"ನಿಜ ಏಚ್ಚಿ."

"ನೀನು ಕಂಡ್ಯಾ?"

"ಕಂಡೆ."

"ಒಬ್ಬರೂ ನನಗೆ ಹೇಳ್ಲಿಲ್ಲ. ರಸ್ತೆ ಮೇಲೆ ಒಬ್ಬನೇ ಒದ್ದಾಡಿ ಸತ್ತ ಅಂತ ಇಷ್ಟು ದಿನ ನಾನು ನಿದ್ದೆ ಮಾಡ್ಲಿಲ್ಲ ಕಣೋ."

ನಾನು ಕೊನೆಯ ಹಾಸಿಗೆ ತೋರಿಸಿದೆ. ಕೌಸುವೇಚ್ಚಿ ನಡೆದುಹೋಗಿ ಅದರ ಮುಂದೆ ನಿಂತಳು. ನಿಷಿತ ಗಾಬರಿಯಾಗಿ ಮೇಲೇಳಲು ನೋಡಿದಳು. ಬೆನ್ನು ಬಿಡಲಿಲ್ಲ.

"ಮಲಕೋ," ಎಂದಳು ಕೌಸುವೇಚ್ಚಿ. ಸ್ಟೂಲು ಎಳೆದುಕೊಂಡು ಕೂತಳು. ವಾರ್ಡಿನಲ್ಲಿದ್ದವರೆಲ್ಲ ಇತ್ತಲೇ ನೋಡುತ್ತಿದ್ದರು. "ಅವನು ನೀರು ಕೇಳಿದ್ನಾ?"

"ಕೇಳಿದ್ರು. ನನ್ನ ಬಾಟಲೀಲಿ ಇತ್ತು, ಕೊಟ್ಟೆ. ಸ್ವಲ್ಪ ಒಳಗೆ ಹೋಯ್ತು."

"ಏನಾದ್ರೂ ಹೇಳಿದ್ನಾ?"

"ಅಮ್ಮನಿಗೆ ಹೇಳ್ಬೇಡಿ ಅಂದ್ರು. ನೋಯ್ತಿದೆ ಅಂತ ಅಮ್ಮನಿಗೆ ಹೇಳ್ಬೇಡಿ ಅಂತ."

ಕೌಸುವೇಚ್ಚಿ ಮುಖ ಮುಚ್ಚಿಕೊಂಡಳು. ನಿಷಿತಳ ಹಾಸಿಗೆಯ ಅಂಚಿಗೆ ಹಣೆ ಹಚ್ಚಿ, ಮೂರು ವರ್ಷ ಒಳಗಿಟ್ಟುಕೊಂಡದ್ದನ್ನೆಲ್ಲ ಅತ್ತಳು. ಅಷ್ಟು ಹೊತ್ತೂ ನಿಷಿತಳ ಕೈ ಆಕೆಯ ಬೆನ್ನ ಮೇಲಿತ್ತು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗಳಿಗಾಗಿ ತಂದಿದ್ದ ಗಂಜಿಯಲ್ಲಿ ಅರ್ಧವನ್ನು ಇವಳ ಬಟ್ಟಲಿಗೆ ಸುರಿದಳು.

ಪೊಲೀಸರಿಗೆ ಹೇಳಿಕೆ ಕೊಡುವಾಗ ಇಬ್ಬರೂ ತಮ್ಮ ತಮ್ಮ ಕಡೆಯವರ ಹೆಸರನ್ನೇ ಹೇಳಿದರು. ಷೈಮ ಎಡಗೈಯಲ್ಲಿ ವಕ್ರವಕ್ರವಾಗಿ ಷಿನೋಜನ ಹೆಸರು ಬರೆದುಕೊಟ್ಟಳು. ನಿಷಿತ ರಾಗೇಷನ ಹೆಸರು, ಕತ್ತಿ ತೆಗೆದ ಮಂಚ, ಜೊತೆಗೆ ಹೋದ ಇಬ್ಬರು, ಎಲ್ಲ ಹೇಳಿದಳು. ಹೊಳೆ ಕಡೆಗೆ ಅವಳು ಮತ್ತೆ ಕಾಲಿಡಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ಕೌಸುವೇಚ್ಚಿಯ ಮನೆಗೆ ಬಂದಳು. ಕಮಿಟಿಯವರು ನನ್ನನ್ನು ಕರೆಸಿ, ಷೈಮಳನ್ನು ಇನ್ನು ಒಳಗೆ ಸೇರಿಸಬಾರದು ಅಂದರು. ನಾನು ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಮನೆಗೆ ಬಂದೆ.

ಕೇಸು ಎಳೆಯಿತು. ಕೋರ್ಟಿನ ವರಾಂಡದಲ್ಲಿ ಊರುಗೋಲಿನ ಮೇಲೆ ನಿಂತಿದ್ದ ಷಿನೋಜ್ ಷೈಮಳನ್ನು ಒಮ್ಮೆ ಮಾತಾಡಿಸಿದ. "ಏಚ್ಚೀ, ಓಡಿದ್ದು ನಿಜ. ಎಲ್ಲರ ಮುಂದೆ ಹೇಳ್ಬಾರದಿತ್ತು." ಅವಳು, "ಹೇಳದೆ ಇದ್ದದ್ದೇ ತಪ್ಪಾಯ್ತು" ಅಂದಳು. ದವಡೆ ಕೂಡಿಕೊಂಡಿದ್ದರೂ ಮಾತು ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಅವನಿಗೆ ಶಿಕ್ಷೆಯಾಯಿತು. ರಾಗೇಷನಿಗೆ ಅದಕ್ಕಿಂತ ಹೆಚ್ಚು. ನಿಷಿತಳಿಗೆ ಆ ವರ್ಷ ಪರೀಕ್ಷೆ ಬರೆಯಲಾಗಲಿಲ್ಲ, ಮರುವರ್ಷ ಬರೆದಳು.

ತೀರ್ಪಿಗೆ ಮೊದಲು, ನಿಷಿತ ರಾಗೇಷನ ವಿರುದ್ಧ ಸಾಕ್ಷಿ ಹೇಳಿ ಬಂದ ಮರುದಿನ ಬೆಳಿಗ್ಗೆ ಕೌಸುವೇಚ್ಚಿ ಅಂಗಳ ಗುಡಿಸಲು ಹೊರಗೆ ಬಂದಾಗ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸ್ಟೀಲ್ ಡಬ್ಬಿಯಲ್ಲಿ ಮಾಡಿದ ಒಂದು ಬಾಂಬು ಬಿದ್ದಿತ್ತು. ಎಸೆದಿದ್ದರು, ಸಿಡಿದಿರಲಿಲ್ಲ. ಯಾವ ಕಡೆಯವರು ಎಂದು ಹೇಳಲು ಬರುವಂತಿರಲಿಲ್ಲ. ಆ ಹೊತ್ತಿಗೆ ಎರಡೂ ಕಡೆಯವರಿಗೆ ಆ ಮನೆ ಬೇಡವಾಗಿತ್ತು. ಆಕೆ ಕೂಗಾಡಲಿಲ್ಲ. ಹುಡುಗಿಯರಿಬ್ಬರನ್ನೂ ಹಿಂದಿನ ಬಾಗಿಲಿನಿಂದ ನಮ್ಮ ಮನೆಗೆ ಕಳಿಸಿದಳು. ಕೋಳಿಗಳನ್ನು ಗೂಡಿಗೆ ಅಟ್ಟಿದಳು. ನಾನು ಓಡಿಹೋಗಿ ನೋಡಿದರೆ, ದೂರದ ಹಲಸಿನ ಮರದಡಿ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ಬಾಂಬನ್ನು ಕಾಯುತ್ತ ಕೂತಿದ್ದಾಳೆ.

"ಏಚ್ಚಿ, ಬನ್ನಿ ಈಚೆಗೆ! ಸಿಡಿದ್ರೆ?"

"ಪಕ್ಕದ ಮನೆ ಬೆಕ್ಕು ಬರ್ತದೆ ಕಣೋ ಈ ಹೊತ್ತಿಗೆ. ಓಡಿಸೋರು ಬೇಡ್ವಾ?"

ಪೊಲೀಸರು ಬಂದು, ಮರಳು ತುಂಬಿದ ಬಕೆಟ್ಟಿನಲ್ಲಿ ಅದನ್ನು ಎತ್ತಿಕೊಂಡು ಕಲ್ಲುಕೋರೆಗೆ ಒಯ್ದರು. ಬೇಡವೆಂದರೂ ಕೇಳದೆ ಕೌಸುವೇಚ್ಚಿ ಹಿಂದೆಯೇ ಹೋದಳು. ನಾವೂ ಹೋದೆವು. ಹೊಂಡದಲ್ಲಿಟ್ಟು ಸಿಡಿಸಿದಾಗ ಕೆಂಪು ಧೂಳು ಮೇಲೆದ್ದಿತು, ಗೇರುಮರಗಳಿಂದ ಹಕ್ಕಿಗಳೆಲ್ಲ ಹಾರಿದವು. ಷೈಮ, ನಿಷಿತ ಇಬ್ಬರೂ ಕಿವಿ ಮುಚ್ಚಿಕೊಂಡಿದ್ದರು. ಕೌಸುವೇಚ್ಚಿ ಮುಚ್ಚಿರಲಿಲ್ಲ.

"ಇಷ್ಟೇನಾ?" ಎಂದು ಪೊಲೀಸಿನವನನ್ನು ಕೇಳಿದಳು.

"ಇಷ್ಟೇ ಅಮ್ಮ."

"ಹಾಗಾದ್ರೆ ನಡೀರಿ. ಚಹ ಕುಡಿದು ಹೋಗಿ."